ಯಾವ ಕೈ ಮುಂದೆ ಬಂತು?

ಟೆಕ್ಕೆನ್ ಎಂಬ ಹೊಡೆದಾಟದ ವಿಡಿಯೋ ಗೇಮ್‌ನಲ್ಲಿ ಹೊಡೆಯಲು ನಾಲ್ಕೇ ಬಟನ್. ಎಡಗೈಗೆ ಒಂದು, ಬಲಗೈಗೆ ಒಂದು, ಕಾಲುಗಳಿಗೆ ಒಂದೊಂದು. 1994ರಲ್ಲಿ ಜಪಾನಿನ ನಾಮ್ಕೊ ಕಂಪನಿ ಹಾಕಿದ ಈ ಲೆಕ್ಕ 2024ರ ಜನವರಿಯಲ್ಲಿ ಬಂದ ‘ಟೆಕ್ಕೆನ್ 8’ರಲ್ಲೂ ಬದಲಾಗಿಲ್ಲ. ಸುರುವಿಗೇ 32 ಜಟ್ಟಿಗಳು, ಒಬ್ಬೊಬ್ಬರಿಗೆ ನೂರರ ಆಸುಪಾಸು ವರಸೆ. ಅಷ್ಟನ್ನೂ ಕಲಿಯಲು ನನ್ನಂಥ ಸಂಸಾರಸ್ಥನಿಗೆ ಪುರುಸೊತ್ತೆಲ್ಲಿ? ಕಿಂಗ್ ಒಬ್ಬನನ್ನೇ ನೆಚ್ಚಿಕೊಂಡು ಕೂತಿದ್ದೇನೆ.

ಕಿಂಗ್ ಜಾಗ್ವಾರ್ ಮುಖವಾಡದ ಪೈಲವಾನ. ಕುಸ್ತಿಯಾಡಿ ಗಳಿಸಿದ ದುಡ್ಡಿನಲ್ಲಿ ಅನಾಥಾಶ್ರಮ ನಡೆಸುವ ಪುಣ್ಯಾತ್ಮ. ಕುಸ್ತಿ ಇಲ್ಲದ ಜಾತ್ರೆ ಎಂಥ ಜಾತ್ರೆ ಎನ್ನುವ ಬೆಳಗಾವಿ ಸೀಮೆಯವನಿಗೆ, ಅದರಲ್ಲೂ ರಾಮದುರ್ಗದವನಿಗೆ, ಬೇರೆ ಯಾರು ಹಿಡಿಸಬೇಕು? ಉಳಿದವರು ಗುದ್ದುತ್ತಾರೆ, ಒದೆಯುತ್ತಾರೆ, ಇವನು ಹಿಡಿಯುತ್ತಾನೆ. ಎತ್ತಿ ಒಗೆದ ಮೇಲೂ ಬಿಡುವುದಿಲ್ಲ, ಒಂದು ಪಟ್ಟಿನಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತ ಹೋಗುತ್ತಾನೆ.

ನನಗೆ ಆಟದ ಸೊಗಸು ಕಾಣುವುದು ಆ ಹಿಡಿತ ಬಿಡಿಸಿಕೊಳ್ಳುವುದರಲ್ಲಿ. ಕಿಂಗ್ ಮೈಮೇಲೆ ಬಂದಾಗ ಮುಖ ನೋಡಬಾರದು, ಕೈ ನೋಡಬೇಕು. ಎಡಗೈ ಮುಂದೆ ಬಂದರೆ ಎಡಗೈ ಬಟನ್, ಬಲಗೈ ಬಂದರೆ ಬಲಗೈಯದು, ಎರಡೂ ಚಾಚಿದರೆ ಎರಡೂ ಕೂಡಿಯೇ. ಸಿಗುವ ಸಮಯ ಸೆಕೆಂಡಿನ ಮೂರನೇ ಒಂದು ಪಾಲಿನಷ್ಟು. ಕೆಮ್ಮಣ್ಣಿನ ಅಖಾಡದಲ್ಲಿ ನಡೆಯುವುದೂ ಇದೇ. ಒಬ್ಬರ ಮೈಗೊಬ್ಬರು ಮಣ್ಣು ಹಚ್ಚಿ, ಕೈಗೆ ಕೈ ಕೊಟ್ಟು, ಹಣೆಗೆ ಹಣೆ ಆನಿಸಿ ಪೈಲವಾನರು ಸುತ್ತುತ್ತಲೇ ಇರುತ್ತಾರೆ. “ಹಿಡೀರಲೇ!” ಎಂದು ಜನ ಒದರುತ್ತಾರೆ. ಅಸಲಿ ಕುಸ್ತಿ ನಡೆದಿರುವುದು ಆಗಲೇ.

ಟೆಕ್ಕೆನ್ 8ಕ್ಕೆ ಹೀಗೆ ಸುತ್ತಲು ಬಿಡುವ ತಾಳ್ಮೆ ಇಲ್ಲ. ನನ್ನ ತಕರಾರು ಅದೇ. ‘ಹೀಟ್’ ಎಂಬುದೊಂದನ್ನು ತಂದಿಟ್ಟಿದ್ದಾರೆ. ರೌಂಡಿಗೆ ಒಮ್ಮೆ, ಸುಮಾರು 10 ಸೆಕೆಂಡು ಮೈಗೆ ಕಾವೇರುತ್ತದೆ. ಕಾವೇರಿದವನ ಏಟನ್ನು ಸರಿಯಾಗಿ ತಡೆದರೂ ಲೈಫ್ ಇಳಿಯುತ್ತದೆ. ಇಳಿದದ್ದು ಒಂದಿಷ್ಟಾದರೂ ವಾಪಸು ಬರಬೇಕೆಂದರೆ ನೀವೂ ನುಗ್ಗಿ ಹೊಡೆಯಬೇಕು. ಹಿಂದೆ ಸರಿದು ಕಾಯುವವನಿಗೆ ದಂಡ! 2025ರ ಏಪ್ರಿಲ್‌ನಲ್ಲಿ ಎರಡನೇ ಸೀಸನ್ ಬಂದಾಗ ಈ ನುಗ್ಗಾಟ ಇನ್ನೂ ಜೋರಾಯಿತು. ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಆಟಗಾರರು ಬೈಗುಳದ ಮಳೆಯನ್ನೇ ಸುರಿಸಿದರು. ಈಗ ಬಂದಾಯ್ ನಾಮ್ಕೊ ಆಗಿರುವ ಕಂಪನಿ ಅದೇ ತಿಂಗಳು ತಿದ್ದುಪಡಿ ಬಿಡಬೇಕಾಯಿತು. ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ, ಆಮೇಲೆ ಆಟದೊಳಗೇ ಅಂಗಡಿ ತೆರೆದು ಜಟ್ಟಿಗಳ ಅಂಗಿ-ಪ್ಯಾಂಟು ಮಾರಲು ಕೂತದ್ದು ಬೇರೆ.

ಹಾಗಂತ ಮೂಲೆಗೆ ಒಗೆಯಲೂ ಮನಸ್ಸು ಬಾರದು. ಸೋತ ಆಟದ ರೀಪ್ಲೇ ನೋಡುತ್ತ, ಬೇಕಾದಲ್ಲಿ ನಿಲ್ಲಿಸಿ, ಅಲ್ಲಿಂದ ನಾನೇ ಮುಂದೆ ಆಡಿ ನೋಡಬಹುದು. ನೆಲ ಕಂಡ ಪೈಲವಾನನಿಗೆ ಯಾವ ವಸ್ತಾದಿಯೂ ಈ ಸವಲತ್ತು ಕೊಡಲಾರ. ಇನ್ನೊಂದು, ‘ಘೋಸ್ಟ್’: ನಮ್ಮ ಆಟ ನೋಡಿ ನೋಡಿ ಕಲಿತು ನಮ್ಮ ಹಾಗೆಯೇ ಆಡುವ ಎದುರಾಳಿ.

ರಜೆಗೆ ಬಂದ ಅಣ್ಣನ ಮಗ ನನ್ನ ಘೋಸ್ಟಿನ ಜೊತೆ ಸೆಣಸಲು ಕೂತ. ಅದು ಹಿಂದೆ ಹಿಂದೆ ಸರಿಯಿತು, ಪಕ್ಕಕ್ಕೆ ಸರಿಯಿತು, ಮತ್ತೆ ಹಿಂದಕ್ಕೆ. ಹುಡುಗ ಹೀಟ್ ಏರಿಸಿ ಗೋಡೆಗೆ ಒತ್ತಿ ಬಡಿದ.

“ಕಾಕಾ, ಇದೂ ನಿಮ್ಮಂಗ ಭಾಳ ವಿಚಾರ ಮಾಡ್ತೈತಿ ನೋಡ್ರಿ” ಎಂದ.

ನನಗೆ ಸಿಟ್ಟು ಬಂತು, ಘೋಸ್ಟಿನ ಪರವಾಗಿ.