ಗಜಪತಿ ಉಪಾಧ್ಯಾಯರ ಮನೆಯಾಕೆ

ಸೋಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಗಳಲ್ಲಿ ಆಡುವ ಮಾತು ಕನ್ನಡ, ಮಕ್ಕಳ ಶಾಲೆ ಮರಾಠಿ ಇಲ್ಲವೇ ಇಂಗ್ಲಿಷ್. ನಾವು ನಾಲ್ಕಾರು ಮನೆಯವರು ಕೂಡಿ ಭಾನುವಾರ ಸಂಜೆ ಸ್ವಾಧ್ಯಾಯ ನಡೆಸುತ್ತೇವೆ. ಹಿಂದೆ ಹದಿನೆಂಟು ಜನ ಸೇರುತ್ತಿದ್ದೆವು, ಈಗ ಆರೇಳು. ಅಕ್ಕಲಕೋಟೆಯಿಂದ ಬಸ್ಸು ಹಿಡಿದು ಬರುತ್ತಿದ್ದ ಹಿರಿಯರಿಬ್ಬರಿಗೆ ಈಗ ಮೊಣಕಾಲು ನೋವು. ನಿಲ್ಲಿಸಿಬಿಡೋಣವೇ ಎಂಬ ಮಾತು ಈ ವರ್ಷ ಎರಡು ಸಲ ಬಂತು.

ಅಂಥದೇ ಒಂದು ಸಂಜೆ ಹುಡುಗನೊಬ್ಬ ತಾನು ನೋಡಿದ ಸಿನಿಮಾದ ಕಥೆ ಹೇಳಿದ. ಅದರ ಮಹಾವೀರ (ನಮ್ಮ ಸ್ವಾಮಿಯಲ್ಲ, ಅಂಗಿಯ ಮೇಲೆ ಗುರುತು ಹಾಕಿಕೊಂಡವನು) ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗಿ ಜಗತ್ತನ್ನು ಉಳಿಸುತ್ತಾನಂತೆ. ಮರಳಿ ಬಂದರೆ ಅವನ ಗುರುತು ಯಾರಿಗೂ ಇರುವುದಿಲ್ಲವಂತೆ. "ಹಂಗಿದ್ರ ಅವ ಮತ್ತ ಯಾಕ ಹೋಗ್ತಾನ?" ಎಂದು ಅವನ ತಂಗಿ ಕೇಳಿದಳು. ಪ್ರಶ್ನೆ ಚಿಕ್ಕದಲ್ಲ. ನಮಗೆ ನೆನಪಾದದ್ದು ಲಕ್ಷ್ಮೀಬಾಯಿ. ಝಾನ್ಸಿಯ ರಾಣಿಯಲ್ಲ, ಗಜಪತಿ ಉಪಾಧ್ಯಾಯರ ಹೆಂಡತಿ.

ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮ, ಅದಕ್ಕೆ 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ 72,000 ಶ್ಲೋಕ ಪ್ರಮಾಣದ ಧವಲಾ ಟೀಕೆ, ಇವು ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡಬಿದಿರೆಯೊಂದರಲ್ಲೇ ಉಳಿದಿದ್ದವೆಂಬುದು ಓದುಗರಿಗೆ ಗೊತ್ತಿದ್ದದ್ದೇ. ಯಾತ್ರಿಕರು ದೂರದಿಂದ ದರ್ಶನ ಮಾಡಿ ಕೈಮುಗಿಯುತ್ತಿದ್ದರು, ಓದುವವರಿರಲಿಲ್ಲ. 1883ರಲ್ಲಿ ಮುಂಬಯಿಯ ಸೇಠ ಮಾಣಿಕಚಂದರು ಸಂಘ ಸಮೇತ ಹೋಗಿ ನೋಡಿ ಬಂದರು, ನಮ್ಮೂರ ಸೇಠ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಇವರಿಬ್ಬರ ಪ್ರಯತ್ನದಿಂದ 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಕೈಹಾಕಿದರು, ಸ್ವಲ್ಪದರಲ್ಲೇ ಕಾಲವಾದರು. ಮುಂದುವರಿಸಿದವರು ಮಿರಜದ ಗಜಪತಿ ಉಪಾಧ್ಯಾಯರು. ವರ್ಷಗಟ್ಟಲೆ ಬರೆದರು. ಆದರೆ ಪ್ರತಿ ಊರು ಬಿಟ್ಟು ಹೋಗಬಾರದೆಂಬುದು ಮೂಡಬಿದಿರೆಯವರ ನಿರ್ಬಂಧ. ಅಂದರೆ ಹಳೆಯ ಪೆಟ್ಟಿಗೆಯ ಪಕ್ಕದಲ್ಲಿ ಹೊಸ ಪೆಟ್ಟಿಗೆ, ಅಷ್ಟೇ.

ಇಲ್ಲಿ ಲಕ್ಷ್ಮೀಬಾಯಿ ಬರುತ್ತಾಳೆ. ಗಂಡ ಅಲ್ಲಿಯ ಕೆಲಸ ಮಾಡುತ್ತಿದ್ದಾಗ, ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯೂ ತಯಾರಾಯಿತು. ಅದರಲ್ಲಿ ವಿದುಷಿಯಾದ ಈ ಹೆಂಡತಿಯ ಕೈ ದೊಡ್ಡದು. ಆಕೆಯ ಆಸೆ ಒಂದೇ ಎಂದು ದಾಖಲಾಗಿದೆ: ಈ ಗ್ರಂಥಗಳನ್ನು ಜನ ಓದಬೇಕು, ಓದಿಸಬೇಕು. ಪ್ರಾಕೃತ ಭಾಷೆ, ಸಾವಿರಾರು ಪುಟ, ಯಾರಿಗೂ ಹೇಳುವಂತಿಲ್ಲ. ನೆರೆಮನೆಯವರು "ಏನು ಬರೀತೀರಿ ಬಾಯಿ" ಎಂದು ಕೇಳಿದ್ದರೆ ಏನು ಹೇಳುತ್ತಿದ್ದಳೋ!

ಪ್ರತಿ ಮೊದಲು ಬಂದದ್ದು ನಮ್ಮ ಸೋಲಾಪುರಕ್ಕೇ, 1915ರಲ್ಲಿ, ಹೀರಾಚಂದರ ಬಳಿಗೆ. ಅವರು ತೆಗೆದುಕೊಳ್ಳಲಿಲ್ಲ. ಮೂರು ದಶಕ ಈ ಗ್ರಂಥಕ್ಕಾಗಿ ಹಂಬಲಿಸಿದವರು ಬಾಗಿಲಿಗೆ ಬಂದದ್ದನ್ನು ಹಿಂದಕ್ಕೆ ಕಳಿಸಿದರು. ನಮ್ಮ ಸ್ವಾಧ್ಯಾಯದಲ್ಲಿ ಈ ಬಗ್ಗೆ ಎರಡು ಭಾನುವಾರ ಜಗಳವೇ ನಡೆಯಿತು. ಗುಟ್ಟಾಗಿ ತಂದದ್ದು ಅಚೌರ್ಯ ವ್ರತಕ್ಕೆ ಕುಂದು ಎಂದು ಕೆಲವರು. ಶ್ರುತವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಯಾವ ವ್ರತ ಎಂದು ಹೆಣ್ಣುಮಕ್ಕಳು. ನಮಗೆ ತೋರುವುದು, ಹೀರಾಚಂದರು ಬೇಡವೆಂದದ್ದೂ ಸರಿ, ಲಕ್ಷ್ಮೀಬಾಯಿ ಬರೆದದ್ದೂ ಸರಿ. ಇಂಥದಕ್ಕೆ ಅನೇಕಾಂತ ಎನ್ನದಿದ್ದರೆ ಇನ್ನಾವುದಕ್ಕೆ ಅನ್ನಬೇಕು?

ಉಪಾಧ್ಯಾಯರು ಪ್ರತಿಯನ್ನು ಉತ್ತರದ ಸಹಾರನಪುರಕ್ಕೆ ಒಯ್ದರು. ಅಲ್ಲಿಯ ಲಾಲಾ ಜಂಬೂಪ್ರಸಾದರು ತಮ್ಮ ಮಂದಿರಕ್ಕೆ ತೆಗೆದುಕೊಂಡರು. ಕನ್ನಡ ಲಿಪಿ ಅಲ್ಲಿ ಯಾರಿಗೆ ಬರಬೇಕು! ದೇವನಾಗರಿಗೆ ಇಳಿಸಿಕೊಡುವೆನೆಂದು ಉಪಾಧ್ಯಾಯರು ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಮಗನಿಗೆ ಕಾಯಿಲೆ, ಊರಿಗೆ ಬಂದರು. ಆಮೇಲೆ ಲಕ್ಷ್ಮೀಬಾಯಿ ತೀರಿಕೊಂಡಳು. ಅವರು ಮತ್ತೆ ಹೋಗಲಾಗಲಿಲ್ಲ. 1923ರಲ್ಲಿ ಅವರೂ ಹೋದರು. ದೇವನಾಗರಿಗೆ ಇಳಿಸಿದವರು ವಿಜಯಚಂದ್ರಯ್ಯ ಮತ್ತು ಸೀತಾರಾಮ ಶಾಸ್ತ್ರಿ. ಶಾಸ್ತ್ರಿಗಳು ತಮಗೂ ಒಂದು ಪ್ರತಿ ಇಟ್ಟುಕೊಂಡರು, ಅಲ್ಲಿಂದ ಊರೂರಿಗೆ ಹಬ್ಬಿತು. 1939ರಲ್ಲಿ ಅಮರಾವತಿಯಿಂದ ಡಾ. ಹೀರಾಲಾಲ ಜೈನರು ಮೊದಲ ಸಂಪುಟ ಅಚ್ಚು ಹಾಕಿಸಿದರು. ಇಪ್ಪತ್ತು ವರ್ಷಗಳಲ್ಲಿ ಹದಿನಾರಾದವು. ಮುಂದಿನ ಸಂಪುಟಗಳಿಗೆ ಮೂಲ ಓಲೆಯೊಡನೆ ಪಾಠ ಹೋಲಿಸಲು ಮೂಡಬಿದಿರೆಯವರೇ ಸಂತೋಷದಿಂದ ನೆರವಾದರು.

ಇದ್ಯಾವುದನ್ನೂ ಲಕ್ಷ್ಮೀಬಾಯಿ ನೋಡಲಿಲ್ಲ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿದ ಅತ್ತಿಮಬ್ಬೆಯನ್ನು ರನ್ನ ಹೊಗಳಿದ, ನಾಡೇ ದಾನಚಿಂತಾಮಣಿ ಎಂದು ಕರೆಯಿತು, ಅದು ಯೋಗ್ಯವೇ. ಮಹಾಬಂಧದ ಓಲೆ ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟ ಮಲ್ಲಿಕಬ್ಬೆಯ ಹೆಸರು ಓಲೆಯ ಕೊನೆಗಾದರೂ ಇದೆ. ಬರೆಸಿದವರಿಗೆ ಪ್ರಶಸ್ತಿಯುಂಟು. ತಾನೇ ಕೂತು ಬರೆದವಳಿಗೆ ಮುನ್ನುಡಿಯ ಒಂದು ಸಾಲು. ಒಂಬೈನೂರು ವರ್ಷ ಹಿಂದಿನ ಅಕ್ಷರದೊಳಕ್ಕೆ ಹೋಗಿ, ಅಲ್ಲಿಂದ ತಂದದ್ದನ್ನು ಇನ್ನೂ ಹುಟ್ಟದವರ ಕೈಗಿಟ್ಟವಳು ಆಕೆ. ಹುಡುಗಿಯ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟೇ: ಮುಂದೆ ಯಾರೋ ಓದುತ್ತಾರೆ ಎಂದು ಆಕೆ ನಂಬಿದ್ದಳು. ಇವತ್ತಿನ ಪುಟ ಮುಗಿಸಲು ಅಷ್ಟು ಸಾಕಾಗಿತ್ತು ಅಂತ ಕಾಣುತ್ತದೆ.

ಧವಲಾದ ಪರಿಷ್ಕೃತ ಆವೃತ್ತಿ 1970ರ ದಶಕದಲ್ಲಿ ಹೊರಬಂದದ್ದು ಸೋಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘದಿಂದ. ಒಮ್ಮೆ ಗ್ರಂಥ ಹಿಂದಿರುಗಿದ್ದ ಊರಿನಿಂದಲೇ. ಅದರ ಮೊದಲ ಸಂಪುಟ ನಮ್ಮಲ್ಲಿದೆ. ಸ್ವಾಧ್ಯಾಯ ನಿಲ್ಲಿಸುವ ಮಾತು ಸದ್ಯಕ್ಕೆ ಬಿದ್ದುಹೋಗಿದೆ. ದೇವನಾಗರಿ ಹುಡುಗರಿಗೆ ಬರುವುದರಿಂದ ಮೂಲವನ್ನು ಅವರು ಓದುತ್ತಾರೆ, ಅರ್ಥವನ್ನು ಕನ್ನಡದಲ್ಲಿ ನಾವು ಹೇಳುತ್ತೇವೆ. ಭಾನುವಾರಕ್ಕೆ ಒಂದೇ ಪುಟ. ಈ ಲೆಕ್ಕದಲ್ಲಿ ಎರಡನೆಯ ಸಂಪುಟ ಕೊಳ್ಳುವ ಖರ್ಚು ಇನ್ನೂ ಏಳೆಂಟು ವರ್ಷ ಬರುವುದಿಲ್ಲ.