ಪೋಲೀಸು ಕೆಲಸಕ್ಕೆ ಹೊರಟವಳಿಗೆ ಒಂದು ಜೇಬುಚಾಕು

ಇಂತಹ ಸ್ಮರಣಸಂಚಿಕೆಗಳಲ್ಲಿ ಮುಖ್ಯೋಪಾಧ್ಯಾಯಿನಿಯ ಪಾಲಿಗೆ ಬರುವ ಪುಟಗಳು ಸಾಧಾರಣವಾಗಿ ಸ್ತ್ರೀವಿದ್ಯೆ, ಸಮಯಪಾಲನೆ, ಸದ್ಗುಣಾಭ್ಯಾಸ ಮೊದಲಾದ ವಿಷಯಗಳಿಗೆ ಮೀಸಲಾಗಿರುವುದುಂಟು. ನಾವೂ ಹಿಂದಿನ ಸಂಚಿಕೆಗಳಲ್ಲಿ ಅವುಗಳನ್ನು ಕುರಿತೇ ಬರೆದಿದ್ದೇವೆ. ಓದಿದವರು ಎಷ್ಟು ಮಂದಿ ಎಂದು ವಿಚಾರಿಸುವ ಧೈರ್ಯವನ್ನು ಮಾತ್ರ ಮಾಡಿಲ್ಲ. ಈ ಸಾರಿ ಮಡಿಚುವ ಜೇಬುಚಾಕುವಿನ ವಿಷಯವನ್ನು ಬರೆಯಬೇಕೆಂದಿದ್ದೇವೆ. ಹೆಣ್ಣುಮಕ್ಕಳ ಶಾಲೆಯ ಪುಟಗಳಿಗೆ ಇದು ತಕ್ಕದ್ದಲ್ಲವೆಂದು ಯಾರಾದರೂ ಹುಬ್ಬುಗಂಟಿಕ್ಕಿದರೆ, ಈಳಿಗೆಮಣೆಯ ಮುಂದೆ ಕುಳಿತು ಬೆಳೆದವರಿಗೆ ಅಲಗಿನ ಮಾತು ಹೊಸದಲ್ಲವೆಂದು ಅರಿಕೆ ಮಾಡಿಕೊಳ್ಳುತ್ತೇವೆ.

ಸಂಗತಿಯೇನೆಂದರೆ, ನಮ್ಮಲ್ಲಿ ಹತ್ತನೆಯ ತರಗತಿಯ ವರೆಗೆ ಓದಿದ ಹುಡುಗಿಯೊಬ್ಬಳು ಪೋಲೀಸು ಇಲಾಖೆಗೆ ಆಯ್ಕೆಯಾಗಿ, ತರಬೇತಿಯನ್ನು ಪೂರೈಸಿ, ಹೆದ್ದಾರಿಯ ಬದಿಯ ಒಂದು ಠಾಣೆಗೆ ನೇಮಕ ಹೊಂದಿದಳು. ತಿರುವಾಂಕೂರು ಸಂಸ್ಥಾನದಲ್ಲಿ 1933ರಲ್ಲಿಯೇ ಸ್ತ್ರೀಯರನ್ನು ಪೋಲೀಸಿಗೆ ಸೇರಿಸಿಕೊಂಡಿದ್ದರು; ನಮ್ಮ ರಾಜ್ಯದ ಪೋಲೀಸು ಪಡೆಗೆ 2017ರಲ್ಲಿ ಶ್ರೀಮತಿ ನೀಲಮಣಿ ರಾಜು ಅವರು ಮುಖ್ಯಸ್ಥೆಯಾದರು. ಆದರೂ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಖಾಕಿ ಷರಾಯಿ ತೊಟ್ಟು ಶಾಲೆಯ ಅಂಗಳಕ್ಕೆ ಬಂದಾಗ ಉಂಟಾದ ಸಂತೋಷವೇ ಬೇರೆ. ಹಳೆಯ ವಿದ್ಯಾರ್ಥಿನಿಯರ ಸಂಘದವರು ಅವಳಿಗೆ ಏನಾದರೂ ಉಡುಗೊರೆ ಕೊಡಬೇಕೆಂದು ನಿಶ್ಚಯಿಸಿ, ಏನು ಬೇಕೆಂದು ಕೇಳಲು, ಅವಳು ಗಡಿಯಾರವನ್ನಾಗಲಿ ಪೆನ್ನನ್ನಾಗಲಿ ಬೇಡದೆ ಒಂದು ಒಳ್ಳೆಯ ಮಡಿಚುವ ಚಾಕು ಬೇಕೆಂದಳು. ಠಾಣೆಯ ಹಿರಿಯ ದಫೇದಾರರು ಅದನ್ನು ಸದಾ ಜೇಬಿನಲ್ಲಿ ಇಟ್ಟುಕೊಂಡಿರಬೇಕೆಂದು ಹೇಳಿದ್ದರಂತೆ. ಆಯ್ಕೆಯ ಭಾರವು ನಮ್ಮ ಮೇಲೆ ಬಿತ್ತು. ಯಾಕಂದರೆ ಶಾಲೆಯ ತೋಟದಲ್ಲಿ ಕಸಿ ಕಟ್ಟುವುದನ್ನೂ ಕಸಿಚಾಕುವಿಗೆ ಸಾಣೆ ಹಿಡಿಯುವುದನ್ನೂ ಹುಡುಗಿಯರಿಗೆ ಕಲಿಸುವವರು ನಾವೇ.

ಇಷ್ಟರಲ್ಲಿ ಅವಳ ತಾಯಿಯು ಒಂದು ಸಂಜೆ ನಮ್ಮ ಕೊಠಡಿಗೆ ಬಂದು, "ಅಮ್ಮನವರೇ, ಚೂಪಾದದ್ದನ್ನೇ ಕೊಡಿಸಿ, ಉದ್ದವಾದದ್ದನ್ನೇ ಕೊಡಿಸಿ. ರಾತ್ರಿಪಾಳಿ ಮಾಡುವ ಮಗಳು" ಎಂದು ಹೇಳಿ ಸೆರಗಿನಿಂದ ಕಣ್ಣೊರಸಿಕೊಂಡರು. ಹುಡುಗಿಯ ತಮ್ಮನಾದರೋ, ಗುಂಡಿ ಒತ್ತಿದೊಡನೆ ಚಟ್ಟನೆ ಹೊರಚಿಮ್ಮುವ ರಾಂಪುರಿ ಚಾಕುವೇ ಆಗಬೇಕೆಂದು ಸಿನಿಮಾ ನೋಡಿ ತೀರ್ಮಾನಿಸಿದ್ದನು. ಹೀಗೆ ಒಂದು ಚಾಕುವಿಗೆ ಮೂರು ಅಭಿಪ್ರಾಯಗಳಾದವು.

ನಾವು ಮೊದಲು ವಿಚಾರಿಸಿದ್ದು ಪೋಲೀಸಿನವರ ಚಾಕು ದಿನನಿತ್ಯ ಏನನ್ನು ಕೊಯ್ಯುತ್ತದೆ ಎಂಬುದನ್ನು. ದಫೇದಾರರನ್ನು ಕಂಡು ಕೇಳಿದೆವು. ಅವರು ಎಣಿಸಿದ್ದರಲ್ಲಿ ಮನುಷ್ಯನ ಮೈ ಒಂದು ಸಾರಿಯೂ ಬರಲಿಲ್ಲ. ಜಾತ್ರೆಯಲ್ಲಿ ಅಡ್ಡಗಟ್ಟಿದ ಹಗ್ಗ; ಲಾರಿಯಲ್ಲಿ ಒತ್ತೊತ್ತಾಗಿ ತುಂಬಿ ತಂದ ದನಗಳ ಕೊರಳ ಕಣ್ಣಿ; ಗೋಣಿಚೀಲದ ಹುರಿ; ಗಾಳಿಪಟದ ದಾರ ಸುತ್ತಿಕೊಂಡ ಹಕ್ಕಿ; ಅಪಘಾತವಾದ ಕಾರಿನೊಳಗೆ ತಲೆಕೆಳಗಾಗಿ ತೂಗುವವರ ಸೀಟ್ ಬೆಲ್ಟು. ಇವೆಲ್ಲಕ್ಕಿಂತ ಹೆಚ್ಚಾಗಿ ಅವರು ಹೇಳಿದ್ದು ದುಪಟ್ಟದ ವಿಷಯವನ್ನು. ಮೋಟಾರುಸೈಕಲ್ಲಿನ ಹಿಂದೆ ಕುಳಿತ ಹೆಂಗಸಿನ ಸೆರಗಾಗಲಿ ದುಪಟ್ಟವಾಗಲಿ ಹಿಂದಿನ ಗಾಲಿಯ ಕಡ್ಡಿಗಳಿಗೆ ಸಿಕ್ಕಿದರೆ, ಗಾಲಿಯು ಅದನ್ನು ರಾಟೆಯಂತೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಇನ್ನೊಂದು ತುದಿ ಕೊರಳಿನಲ್ಲಿರುತ್ತದೆ. ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆಯಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಆ ಮರೆಯನ್ನು ಅಂದಕ್ಕಾಗಿ ಬಿಚ್ಚಿಸಿ ಹಾಕುವ ಯುವಕರನ್ನು ನಾವು ಶಾಲೆಯ ಬಾಗಿಲಿನಲ್ಲಿಯೇ ಕಂಡಿದ್ದೇವೆ. ಬಿಗಿದ ಬಟ್ಟೆಯ ಗಂಟನ್ನು ಉಗುರಿನಿಂದ ಬಿಡಿಸಲು ಆಗುವುದಿಲ್ಲ. ಕೊರಳಿಗೂ ಬಟ್ಟೆಗೂ ನಡುವೆ ಎರಡು ಬೆರಳು ತೂರಿಸಿ, ಬೆರಳುಗಳ ಮೇಲೆ ಅಲಗನ್ನು ಹೊರಮುಖವಾಗಿ ಇಟ್ಟು ಎಳೆಯಬೇಕು. ಆಗ ಆ ಅಲಗಿಗೆ ಸೂಜಿಯಂತಹ ಮೊನೆಯಿದ್ದರೆ ಗತಿಯೇನು? ಬಿದ್ದವಳು ಒದ್ದಾಡುತ್ತಿರುತ್ತಾಳೆ, ಕೊಯ್ಯುವವಳ ಕೈ ನಡುಗುತ್ತಿರುತ್ತದೆ. ಬದುಕಿಸಲು ಹೋದ ಮೊನೆಯು ಅದೇ ಕೊರಳಿಗೆ ಇಳಿದೀತು.

ಮತ್ತೊಂದು ಕೆಲಸವನ್ನು ದಫೇದಾರರು ತಗ್ಗಿದ ದನಿಯಲ್ಲಿ ಹೇಳಿದರು. ನೇಣಿಗೆ ಕೊರಳೊಡ್ಡಿದವರ ಬಳಿಗೆ ಪೋಲೀಸಿನವರೇ ಮೊದಲು ತಲಪುವ ಸಂದರ್ಭಗಳುಂಟು. ಜೀವವಿರುವ ಸಂಭವ ಕಿಂಚಿತ್ತಿದ್ದರೂ ಮೈಯನ್ನು ಎತ್ತಿ ಹಿಡಿದು ತಕ್ಷಣ ಕೊಯ್ದು ಇಳಿಸಬೇಕು. ಆದರೆ ಗಂಟನ್ನು ಮುಟ್ಟದೆ, ಅದರಿಂದ ದೂರದಲ್ಲಿ ಕೊಯ್ಯಬೇಕು. ಗಂಟು ಯಾವ ಬಗೆಯದು, ಹೇಗೆ ಬಿಗಿದದ್ದು ಎಂಬುದು ಮುಂದೆ ವೈದ್ಯರಿಗೂ ನ್ಯಾಯಾಲಯಕ್ಕೂ ಸಾಕ್ಷಿ ಹೇಳುವಂಥದು. ಪರೀಕ್ಷೆಯ ಫಲಿತಾಂಶ ಬರುವ ವಾರದಲ್ಲಿ ನಮ್ಮಂತಹ ಉಪಾಧ್ಯಾಯಿನಿಯರಿಗೆ ನಿದ್ರೆ ಬಾರದಿರುವುದು ಯಾಕೆಂದು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ವಾರದಲ್ಲಿ ಯಾವುದೋ ಮನೆಯ ಬಾಗಿಲನ್ನು ತಳ್ಳಿ ಒಳಹೋಗುವವಳ ಜೇಬಿನಲ್ಲಿ ಹರಿತವಾದ ಚಾಕುವೊಂದು ಇರಲಿ ಎಂದು ನಾವು ಆ ಕ್ಷಣದಲ್ಲಿ ದೇವರನ್ನು ಬೇಡಿಕೊಂಡೆವು.

ಆದುದರಿಂದ ಮೊನೆಯು ಮೊಂಡಾಗಿರಬೇಕೆಂದು ನಿಶ್ಚಯವಾಯಿತು. ಕುರಿಯ ಗೊರಸನ್ನು ಹೋಲುವ ಒಂದು ಬಗೆಯ ಅಲಗುಂಟು. ಅದರ ಬಾಯಿ ನೇರವಾಗಿರುತ್ತದೆ, ಬೆನ್ನು ತುದಿಯಲ್ಲಿ ಬಾಗಿ ಕೆಳಗಿಳಿಯುತ್ತದೆ, ಚುಚ್ಚುವ ಮೊನೆಯೇ ಇರುವುದಿಲ್ಲ. ಇದನ್ನು ತಾಯಿಯವರಿಗೆ ತಿಳಿಸಿದಾಗ ಅವರಿಗೆ ಒಪ್ಪಿಗೆಯಾಗಲಿಲ್ಲ. "ಹಾಗಾದರೆ ಮಗಳ ಮೇಲೆ ಯಾರಾದರೂ ಬಿದ್ದರೆ?" ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಉತ್ತರವು ಇಂತಿತ್ತು: ಚಾಕುವಿನಿಂದ ಹೊಡೆದಾಡಬೇಕಾದರೆ ಎದುರಾಳಿಯ ತೋಳಳತೆಯೊಳಗೆ ಹೋಗಬೇಕು, ಅಲ್ಲಿಗೆ ಹೋದ ಮೇಲೆ ಬಲವುಳ್ಳವನು ಅದನ್ನು ಕಿತ್ತುಕೊಳ್ಳಬಲ್ಲನು, ಕಿತ್ತುಕೊಂಡ ಮೇಲೆ ಅದು ಅವನ ಚಾಕು. ಅವಳಿಗೆ ಕಲಿಸಿರುವುದು ಲಾಠಿಯನ್ನು. ಅದು ಶತ್ರುವನ್ನು ದೂರ ನಿಲ್ಲಿಸುತ್ತದೆ. ಜೊತೆಗಾರರನ್ನು ಕರೆಯಲು ವೈರ್‌ಲೆಸ್ ಇದೆ. ಜೇಬಿನಲ್ಲಿ ಕಠಾರಿಯಿದೆಯೆಂಬ ಧೈರ್ಯದಿಂದ, ಹಿಂದೆ ಸರಿಯಬೇಕಾದಲ್ಲಿ ಮುಂದೆ ಹೆಜ್ಜೆಯಿಟ್ಟರೆ ಯಾರು ಹೊಣೆ? ಗೆತ್ಸೇಮನೆಯ ತೋಟದಲ್ಲಿ ಪೇತ್ರನು ಕತ್ತಿ ಹಿರಿದು ಸಾಧಿಸಿದ್ದು ಒಬ್ಬ ಆಳಿನ ಕಿವಿಯನ್ನು ಕತ್ತರಿಸಿದ್ದು ಮಾತ್ರ. ಅದನ್ನು ಗುಣಪಡಿಸುವ ಕೆಲಸ ಸ್ವಾಮಿಗೆ ಬಿತ್ತು. ತಾಯಿಯವರು ಭಕ್ತೆಯಾದುದರಿಂದ ಸುಮ್ಮನಾದರು. ಒಪ್ಪಿದರೆಂದು ಮಾತ್ರ ನಾವು ಹೇಳಲಾರೆವು.

ತಮ್ಮನ ರಾಂಪುರಿಯನ್ನು ತಳ್ಳಿಹಾಕುವುದು ಸುಲಭವಾಯಿತು. ಉತ್ತರ ಪ್ರದೇಶದ ರಾಂಪುರದವರು 2023ರಲ್ಲಿ ತಮ್ಮ ಊರಿನ ಚೌಕದಲ್ಲಿ 20 ಅಡಿಯ ಚಾಕುವೊಂದನ್ನು ನಿಲ್ಲಿಸಿದ್ದಾರೆ; ಕುಶಲಕರ್ಮಿಗಳ ಹೆಮ್ಮೆಯನ್ನು ನಾವು ಹಳಿಯುವುದಿಲ್ಲ. ಆದರೆ ಗುಂಡಿಯ, ಸ್ಪ್ರಿಂಗಿನ ಚಾಕುಗಳನ್ನು ಕಾನೂನು ಸಂಶಯದಿಂದ ನೋಡುತ್ತದೆ. ದೆಹಲಿಯಲ್ಲಿ 1980ರ ಪ್ರಕಟನೆಯೊಂದು 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದದ, 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲದ ಅಂತಹ ಚಾಕುಗಳನ್ನು ತಯಾರಿಸುವುದನ್ನೂ ಮಾರುವುದನ್ನೂ ಕಟ್ಟುಪಾಡಿಗೆ ಒಳಪಡಿಸಿತು. ಇಡೀ ದೇಶಕ್ಕೆ ಅನ್ವಯಿಸುವ 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ, 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳು ಮನೆಗೆಲಸ, ಬೇಸಾಯ ಮೊದಲಾದವುಗಳಿಗಾಗಿ ಮಾಡಿದವಲ್ಲದಿದ್ದರೆ ಆಯುಧಗಳೆಂದು ಸೇರಿವೆ. ಕಾನೂನನ್ನು ಕಾಯುವವಳ ಜೇಬಿನಲ್ಲಿರುವ ಸಾಮಾನಿನ ವಿಷಯದಲ್ಲಿ ಯಾರೂ ಬೆರಳೆತ್ತುವಂತಿರಬಾರದು. ಮೂರು ಅಂಗುಲದ ಸಾಧಾರಣ ಅಲಗು ಸಾಕು; ಅದಕ್ಕೂ ಮೇಲಧಿಕಾರಿಯ ಅಪ್ಪಣೆಯನ್ನು ಕೇಳಿಕೊಳ್ಳಬೇಕೆಂದು ಅವಳಿಗೆ ಹೇಳಿದೆವು.

ಇನ್ನು ಬೀಗದ ವಿಷಯ. ಹಳೆಯ ಕಾಲದ ಜೇಬುಚಾಕುಗಳಲ್ಲಿ ಅಲಗನ್ನು ಬೆನ್ನಿನ ಪಟ್ಟಿಯ ಬಿಗಿತವೊಂದೇ ತಡೆದು ನಿಲ್ಲಿಸುತ್ತಿತ್ತು. ಪೆನ್ಸಿಲು ಕೆತ್ತಲು ಅದು ಸಾಕು, ದಪ್ಪ ಹಗ್ಗದ ಮೇಲೆ ಒತ್ತಿ ತಿರುಚಿದರೆ ಮಡಿಚಿ ಬೆರಳಿನ ಮೇಲೆ ಬಂದೀತು. ಫ್ರಾನ್ಸಿನ ಸವೋಯ್ ಸೀಮೆಯ ಜೋಸೆಫ್ ಒಪಿನೆಲ್ ಎಂಬವರು 1890ರಲ್ಲಿ ರೂಪಿಸಿದ ಮರದ ಹಿಡಿಯ ಚಾಕುವಿಗೆ 1955ರಲ್ಲಿ ತಿರುಗಿಸುವ ಬಳೆಯೊಂದು ಸೇರಿತು. ಬಳೆಯನ್ನು ತಿರುವಿದರೆ ಅಲಗು ಮಡಿಚದು. ಅಗ್ಗವೂ ಅಂದವೂ ಆದ ಚಾಕು. ತೋಟದ ಕೆಲಸಕ್ಕೆ ನಾವು ಇದನ್ನೇ ಬಳಸುತ್ತೇವೆ. ಆದರೆ ತೆರೆಯಲು ಎರಡು ಕೈಗಳು ಬೇಕು. ಪೋಲೀಸಿನವಳ ಒಂದು ಕೈ ಯಾವಾಗಲೂ ಬೇರೆ ಯಾವುದನ್ನೋ ಹಿಡಿದಿರುತ್ತದೆ: ಗಾಯಾಳುವಿನ ತಲೆಯನ್ನು, ಹಗ್ಗದ ತುದಿಯನ್ನು, ಟಾರ್ಚನ್ನು. 1981ರಲ್ಲಿ ಅಮೇರಿಕೆಯ ಸ್ಪೈಡರ್‌ಕೋ ಕಂಪೆನಿಯು ಅಲಗಿನಲ್ಲಿ ಒಂದು ದುಂಡನೆಯ ರಂಧ್ರವನ್ನೂ ಹಿಡಿಗೆ ಜೇಬಿನಂಚಿಗೆ ಸಿಕ್ಕಿಸುವ ಕೊಕ್ಕೆಯನ್ನೂ ಇಟ್ಟು ಚಾಕು ಮಾಡಿತು. ಹೆಬ್ಬೆರಳನ್ನು ರಂಧ್ರಕ್ಕೆ ಕೊಟ್ಟು ತಳ್ಳಿದರೆ ಒಂದೇ ಕೈಯಿಂದ ತೆರೆಯುತ್ತದೆ. ಈಗ ಅನೇಕರು ಆ ಮಾದರಿಯಲ್ಲಿ, ಅಥವಾ ಅಲಗಿಗೆ ಒಂದು ಮೊಳೆಯನ್ನಿಟ್ಟು, ಮಾಡುತ್ತಾರೆ. ಬೀಗಗಳಲ್ಲಿ ಬೆನ್ನಿನ ಮೇಲೆ ಒತ್ತಿ ಬಿಡಿಸುವಂಥದು ನಮಗೆ ಮೆಚ್ಚಿಗೆಯಾಯಿತು. ಒಳಗೋಡೆಯ ತೆಳು ತಗಡು ಸರಿದು ತಡೆಯುವ ಇನ್ನೊಂದು ಬಗೆಯಲ್ಲಿ, ಮುಚ್ಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲಿಯೇ ಇರುತ್ತದೆ. ಅದು ನಮಗೆ ಸರಿಬೀಳಲಿಲ್ಲ.

ಸ್ವಿಟ್ಜರ್ಲೆಂಡಿನ ಚಾಕುವೊಂದನ್ನೂ ನೋಡಿದೆವು. ಇಬಾಖ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ ಎಂಬವರು 1884ರಲ್ಲಿ ಕಮ್ಮಟ ತೆರೆದು, 1891ರಿಂದ ಸೈನಿಕರಿಗೆ ಚಾಕುಗಳನ್ನು ಒದಗಿಸಿದರು. 1909ರಲ್ಲಿ ತಾಯಿಯು ತೀರಿಕೊಂಡಾಗ ಅವರ ಹೆಸರಾದ ವಿಕ್ಟೋರಿಯಾ ಎಂಬುದನ್ನೇ ಸರಕಿನ ಗುರುತಾಗಿ ಇಟ್ಟರು. 1921ರಲ್ಲಿ ತುಕ್ಕು ಹಿಡಿಯದ ಉಕ್ಕಿನ ಫ್ರೆಂಚ್ ಹೆಸರಿನ ತುಣುಕು ಅದಕ್ಕೆ ಕೂಡಿ ವಿಕ್ಟೋರಿನಾಕ್ಸ್ ಆಯಿತು. ಈ ಕಥೆಯನ್ನು ಕೇಳಿ ನಮ್ಮ ಹುಡುಗಿಯ ತಾಯಿಯವರು ಮೊದಲ ಬಾರಿಗೆ ಚಾಕುಗಳ ವಿಷಯದಲ್ಲಿ ಮುಗುಳ್ನಕ್ಕರು. ಈ ಕಂಪೆನಿಯು ರಕ್ಷಣಾಕಾರ್ಯಕ್ಕೆಂದೇ ಮಾಡಿದ ಚಾಕುವಿನಲ್ಲಿ ಬೆಲ್ಟು ಕೊಯ್ಯುವ ಕೊಕ್ಕೆ, ಗಾಜು ಒಡೆಯುವ ಮೊನೆ, ಗಾಜು ಕೊಯ್ಯುವ ಗರಗಸ ಎಲ್ಲವೂ ಇವೆ. ಗರಗಸ ಯಾಕೆಂದರೆ, ಕಾರಿನ ಎದುರುಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ಕಿನ ಹಾಳೆಯಿಟ್ಟು ಮಾಡಿದ್ದು, ಒಡೆದರೂ ಉದುರದು. ಪಕ್ಕದ ಗಾಜು ಸಾಧಾರಣವಾಗಿ ಕಾಯಿಸಿ ಹದಗೊಳಿಸಿದ್ದು, ಮೂಲೆಯಲ್ಲಿ ಗಟ್ಟಿ ಮೊನೆ ತಾಕಿದರೆ ಸಕ್ಕರೆಯಂತೆ ಪುಡಿಯಾಗುತ್ತದೆ. ಎಲ್ಲವೂ ಚೆನ್ನಾಗಿತ್ತು, ಬೆಲೆಯ ಹೊರತು. ಸಂಘದವರು ಕೊಡಲು ಸಿದ್ಧರಿದ್ದರು, ಬೇಡವೆಂದವರು ನಾವೇ. ಕಳೆದುಹೋದೀತೆಂಬ ಭಯಕ್ಕೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಚಾಕು ಹೆದ್ದಾರಿಗೆ ಬರುವುದಿಲ್ಲ.

ಕೊನೆಗೆ ಕೊಂಡದ್ದು ಸಾಧಾರಣ ಬೆಲೆಯದು: ಮೊಂಡುತುದಿ, ಹಿಡಿಯ ಕಡೆಯ ಅರ್ಧ ಬಾಯಿಗೆ ಗರಗಸದ ಹಲ್ಲು, ಬೆನ್ನಿನ ಬೀಗ, ಕತ್ತಲೆಯಲ್ಲಿ ಬಿದ್ದರೂ ಕಾಣುವ ಕಿತ್ತಳೆ ಬಣ್ಣದ ಹಿಡಿ. ನಾರಿನ ಬಟ್ಟೆಯನ್ನೂ ಬೆಲ್ಟನ್ನೂ ಹಲ್ಲು ಕಚ್ಚಿ ಕೊಯ್ಯುತ್ತದೆ. ನುಣುಪಾದ ಬಾಯಿಯನ್ನು ಅವಳೇ ಮನೆಯಲ್ಲಿ ಕಲ್ಲಿನ ಮೇಲೆ ಮಸೆದುಕೊಳ್ಳಬಹುದು. ಉಕ್ಕು ಬಹಳ ಗಡುಸಾದದ್ದಲ್ಲ. ಗಡುಸು ಉಕ್ಕು ಹರಿತವನ್ನು ಹೆಚ್ಚು ಕಾಲ ಹಿಡಿದಿರುವುದೇನೋ ನಿಜ, ಆದರೆ ಒಮ್ಮೆ ಮೊಂಡಾದರೆ ಮಸೆಯುವುದು ಪ್ರಯಾಸ. ಕರಾವಳಿಯ ಉಪ್ಪುಗಾಳಿಯಲ್ಲಿಯೂ ಮಲೆನಾಡಿನ ಮಳೆಯಲ್ಲಿಯೂ ಕ್ರೋಮಿಯಂ ಬೆರೆತ ಉಕ್ಕೇ ಲೇಸು. ಆದರೂ ವಾರಕ್ಕೊಮ್ಮೆ ಒರೆಸಿ ಕೀಲಿಗೆ ಒಂದು ಹನಿ ಎಣ್ಣೆ ಬಿಡಬೇಕು. ಸಾಕ್ಷ್ಯವೆಂದು ಹಿಡಿದ ವಸ್ತುವಿಗೆ ಮಾವಿನಹಣ್ಣು ಕೊಯ್ದ ಚಾಕುವನ್ನು ತಾಗಿಸಬಾರದೆಂಬುದನ್ನು ಅವಳೇ ನಮಗೆ ಹೇಳಿಕೊಟ್ಟಳು.

ಉಪ್ಪನ್ನೂ ಮೆಣಸಿನಕಾಯಿಯನ್ನೂ ಕೈಯಿಂದ ಕೈಗೆ ಕೊಟ್ಟರೆ ಜಗಳವೆಂಬ ನಂಬಿಕೆಯಿರುವ ನಾಡಿನಲ್ಲಿ, ಚಾಕುವನ್ನು ಉಡುಗೊರೆಯಾಗಿ ಕೊಡುವುದು ಹೇಗೆಂದು ಸಂಘದ ಕೆಲವರು ಹಿಂಜರಿದರು. ಮಡಿಚಿ, ಹಿಡಿಯನ್ನು ಮುಂದುಮಾಡಿ ಕೊಡುವುದೆಂದು ನಾವು ಹೇಳಿದೆವು.

ಕೊಟ್ಟ ಮೇಲೆ ಪಾಠ ಉಳಿದಿತ್ತು. ಗುಜರಿ ಅಂಗಡಿಯಿಂದ ಹಳೆಯ ಕಾರಿನ ಬೆಲ್ಟೊಂದನ್ನು ತರಿಸಿ, ಶಾಲೆಯ ಜಗಲಿಯ ಕಂಬಕ್ಕೆ ಅದರ ಒಂದು ತುದಿಯನ್ನು ಕಟ್ಟಿಸಿದೆವು. ಬೆಲ್ಟು ಸಡಿಲವಾಗಿದ್ದರೆ ಎಂತಹ ಹರಿತವೂ ಜಾರುತ್ತದೆ. ಬಿಗಿಯಾಗಿ ಹಿಡಿದು ಓರೆಯಾಗಿ ಎಳೆಯಬೇಕು. ಎಡಗೈಯಿಂದ, ಕಣ್ಣು ಮುಚ್ಚಿ, ಜೇಬಿನಿಂದ ತೆಗೆಯುವುದರಿಂದ ಆರಂಭಿಸಿ ಮಾಡಬೇಕೆಂದು ಹೇಳಿದೆವು. ಎಂಟನೆಯ ತರಗತಿಯ ಹುಡುಗಿಯರು ಕಿಟಕಿಗಳಲ್ಲಿ ಮುಖವೊತ್ತಿ ನಿಂತಿದ್ದರು. ಮೊದಲ ಸಾರಿ ಮೂರು ಎಳೆತ ಬೇಕಾದವು, ಎರಡನೆಯ ಸಾರಿ ಎರಡು. ಮೂರನೆಯ ಸಾರಿಗೆ ಬೆಲ್ಟಿನ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿಯಲು ಯಾರಾದರೂ ಬೇಕೆಂದಾಗ, ಮೂಲೆಯ ಬೆಂಚಿನಲ್ಲಿ ಕುಳಿತಿದ್ದ ತಾಯಿಯವರು ಎದ್ದು ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡು ಕೈಗಳಿಂದಲೂ ಹಿಡಿದು ನಿಂತರು.