ಹುಣಸೆ ಬೀಜದ ಬಣ್ಣದ ಮೊಟ್ಟೆ

ಪ್ರೀತಿಯ ದೊಡ್ಡವ್ವನಿಗೆ ನಿನ್ನ ತಂಗಿ ಮಗಳ ನಮಸ್ಕಾರ.

ಇಲ್ಲಿ ನೆದರ್ಲೆಂಡ್ಸಿನಲ್ಲಿ ನಾವು ಮೂವರೂ ಕ್ಷೇಮ, ಕೋಳಿಗಳೂ ಕ್ಷೇಮ. ನಿನ್ನ ಮಂಡಿ ನೋವು ಹೇಗಿದೆ? ಡಾಕ್ಟರು ಹೇಳಿದ ಹಾಗೆ ಕುಕ್ಕರಗಾಲಲ್ಲಿ ಕೂರೋದು ಬಿಟ್ಟಿದ್ದೀಯ ಅಂತ ನಂಬಿಕೊಂಡು ಮುಂದಕ್ಕೆ ಬರೀತಿದ್ದೀನಿ.

ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ನಾನು ಮೊಟ್ಟೆ ಹಿಡಿದು ತೋರಿಸಿದರೆ ನೀನು "ಆಲೂಗೆಡ್ಡೆ ಯಾಕೆ ತೋರಿಸ್ತೀಯ?" ಅಂದೆ. ಇವರು ಇನ್ನೂ ನಗ್ತಾ ಇದ್ದಾರೆ. ತಪ್ಪು ನಿನ್ನದಲ್ಲ, ಫೋನಿಂದು. ಕಪ್ಪಗಿರೋರನ್ನೆಲ್ಲ ಬೆಳ್ಳಗೆ ಮಾಡೋದೇ ಅದರ ಚಾಳಿ. ಅದಕ್ಕೇ ಈ ಕಾಗದ. ಇದರ ಜೊತೆ ಒಂದು ಉದ್ದದ ಪಟ್ಟಿ ಇಟ್ಟಿದ್ದೀನಿ ನೋಡು. ಮಗಳ ಬಣ್ಣದ ಡಬ್ಬಿ ತಗೊಂಡು, ಒಂದೊಂದೇ ಮೊಟ್ಟೆ ಪಕ್ಕಕ್ಕಿಟ್ಟುಕೊಂಡು, ಕಿಟಕಿ ಬೆಳಕಲ್ಲಿ ಕೂತು ಬಳಿದದ್ದು. ಅಂಗಳಕ್ಕೆ ತಗೊಂಡು ಹೋಗಿ ನೋಡು, ಟ್ಯೂಬ್‌ಲೈಟಿನಲ್ಲಿ ಬೇಡ.

ಫ್ರಾನ್ಸಿನವರ ಹತ್ತಿರ ಇಂಥದ್ದೇ ಒಂದು ಅಚ್ಚು ಹಾಕಿಸಿದ ಪಟ್ಟಿ ಇದೆ. ಒಂದರಿಂದ ಒಂಬತ್ತರವರೆಗೆ ಬಣ್ಣದ ಮೆಟ್ಟಿಲು. ಒಂದು ಅಂದ್ರೆ ಬಿಳಿ, ಒಂಬತ್ತು ಅಂದ್ರೆ ಹೆಚ್ಚೂಕಮ್ಮಿ ಕಪ್ಪು. ಮಾರಾನ್ ಅನ್ನೋ ಅವರ ಕೋಳಿ ನಾಲ್ಕಕ್ಕಿಂತ ತೆಳು ಬಣ್ಣದ ಮೊಟ್ಟೆ ಇಟ್ಟರೆ ಅದನ್ನ ಮಾರಾನ್ ಮೊಟ್ಟೆ ಅಂತ ಒಪ್ಪೋದೇ ಇಲ್ಲ. ನಾನು ನಂಬರಿನ ಪಕ್ಕ ನಮ್ಮ ಹೆಸರು ಬರೆದಿದ್ದೀನಿ. ಮೂರು, ಹಾಲು ಜಾಸ್ತಿಯಾದ ಟೀ. ನಾಲ್ಕು, ಹೊಸ ಅಚ್ಚು ಬೆಲ್ಲ. ಐದು, ಮಂಗಳೂರು ಹೆಂಚು. ಆರು, ವರ್ಷ ಕಳೆದ ಬೆಲ್ಲ. ಏಳು, ರಾಗಿ ಮುದ್ದೆ. ಎಂಟು, ಹುಣಸೆ ಬೀಜ. ಒಂಬತ್ತರ ಮನೆ ಖಾಲಿ ಬಿಟ್ಟಿದ್ದೀನಿ. ಅಂಥ ಮೊಟ್ಟೆ ಇನ್ನೂ ನನ್ನ ಕೈಗೆ ಬಂದಿಲ್ಲ.

ಹೋದ ವರ್ಷ ಮೋಸ ಹೋದದ್ದನ್ನ ನಿನಗೆ ಹೇಳಿರಲಿಲ್ಲ, ಬೈತೀಯ ಅಂತ. ಒಂದು ಕಡೆ ಮಾರಾನ್ ಕೋಳಿ ಮಾರ್ತಾರೆ ಅಂತ ಹೋಗಿದ್ದೆ. ಮೈಯೆಲ್ಲ ಮಿರಿಮಿರಿ ಕಪ್ಪು, ಕತ್ತಿನ ಸುತ್ತ ತಾಮ್ರದ ಬಣ್ಣ, ಕಾಲಿಗೆಲ್ಲ ಪುಕ್ಕ. ನೋಡಿದವಳೇ ಮಾರುಹೋದೆ. ಇನ್ನೂ ಮೊಟ್ಟೆಗೆ ಬರದ ಮೂರು ಯಾಟೆ ತಗೊಂಡು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಬಂದೆ. ಮೂರು ತಿಂಗಳು ಕಾದ ಮೇಲೆ ಮೊದಲ ಮೊಟ್ಟೆ ಬಂತು. ನಂಬರ್ ಮೂರು, ಹಾಲು ಜಾಸ್ತಿಯಾದ ಟೀ. ಎರಡನೇದರದ್ದೂ ಅದೇ, ಮೂರನೇದರದ್ದೂ ಅದೇ. ಮಾರಿದವರಿಗೆ ಫೋನ್ ಮಾಡಿದರೆ, "ಕೋಳಿ ಮಾರಾನ್ ಹೌದೋ ಅಲ್ಲವೋ?" ಅಂದರು. ಹೌದು, ಏನು ಹೇಳಲಿ?

ಪಕ್ಕದ ಮನೆಯಲ್ಲಿ ಒಬ್ಬರು ತಾತ ಇದ್ದಾರೆ, ಕೋಳಿ ಸಾಕಿ ಸಾಕಿ ತಲೆ ನೆರೆತವರು. ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅದರ ತಾಯಿ ಇಟ್ಟ ಮೊಟ್ಟೆ ನೋಡಿದ್ದೆಯಾ?" ನನಗೆ ನೀನೇ ನೆನಪಾದೆ ದೊಡ್ಡವ್ವ. ನಾಗಮಂಗಲದ ಸಂತೆಯಲ್ಲಿ ದೊಡ್ಡಪ್ಪ ಹಸುವಿನ ಕೊಂಬು ಹೊಗಳ್ತಾ ನಿಂತರೆ ನೀನು ಸೀದಾ ಹೋಗಿ ಕೆಚ್ಚಲು ಮುಟ್ಟಿ ನೋಡ್ತಿದ್ದೆ. ನಾನು ಕೊಂಬು ನೋಡಿ ಹಸು ತಂದಿದ್ದೆ.

ನಮ್ಮ ಹತ್ತಿರದ ಬಾರ್ನೆವೆಲ್ಡ್ ಅನ್ನೋ ಊರಿನ ಕೋಳಿಯದ್ದೂ ಇದೇ ಕಥೆಯಂತೆ. ಆ ಊರು ಕೋಳಿಗೇ ಹೆಸರುವಾಸಿ, ಕೋಳಿ ಸಾಕಣೆಗೆ ಅಂತಲೇ ಒಂದು ಮ್ಯೂಸಿಯಂ ಇದೆ. ಅಲ್ಲಿನ ಬಾರ್ನೆವೆಲ್ಡರ್ ತಳಿ ಒಂದು ಕಾಲಕ್ಕೆ ಹೆಸರು ಮಾಡಿದ್ದೇ ಗಾಢ ಕಂದು ಮೊಟ್ಟೆಗೆ. ಆಮೇಲೆ ಪ್ರದರ್ಶನದವರು ಬಂದರು. ಅದರ ಒಂದೊಂದು ಗರಿಗೂ ಎರಡು ಸುತ್ತು ಕಪ್ಪು ಅಂಚು ಇರುತ್ತೆ, ಇಳಕಲ್ ಸೀರೆ ದಡಿ ನಾಚಬೇಕು. ಆ ಅಂಚು ತಿದ್ದೋದರಲ್ಲೇ ಜನ ಮುಳುಗಿ ಮೊಟ್ಟೆ ಬಣ್ಣ ಮರೆತರು. ಈಗ ಬಾರ್ನೆವೆಲ್ಡರ್ ಅಂತ ತಂದರೆ ಎಷ್ಟೋ ಸಲ ಐದಕ್ಕೂ ಏರಲ್ಲ. ನಾವು ಯಾವುದನ್ನ ಆರಿಸ್ತೀವೋ ಅದು ಉಳಿಯುತ್ತೆ, ಮಿಕ್ಕದ್ದು ಸದ್ದಿಲ್ಲದೆ ಜಾರಿ ಹೋಗುತ್ತೆ.

ಈಗ ನಿನಗೆ ನಂಬೋಕೆ ಆಗದ ಒಂದು ವಿಷಯ. ಊರಲ್ಲಿ ಯಾರಾದರೂ ನಾಟಿ ಮೊಟ್ಟೆ ಅಂತ ತಂದರೆ ನೀನು ಹೆಬ್ಬೆರಳು ಒದ್ದೆ ಮಾಡಿ ಉಜ್ಜಿ ನೋಡ್ತಿದ್ದೆಯಲ್ಲ, ಫಾರಂ ಮೊಟ್ಟೆಯನ್ನ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ತಂದಿದ್ದಾರಾ ಅಂತ? ಬಣ್ಣ ಬಿಟ್ಟರೆ ಕಳ್ಳ ಮಾಲು. ಮೊನ್ನೆ ತಾತನ ಮಾರಾನ್ ಕೋಳಿ ಆಗಷ್ಟೇ ಇಟ್ಟು ಎದ್ದ ಮೊಟ್ಟೆ ಬೆಚ್ಚಗೆ ನನ್ನ ಅಂಗೈಯಲ್ಲಿತ್ತು, ಇನ್ನೂ ಪಸೆ ಆರಿರಲಿಲ್ಲ. ಹುಣಸೆ ಬೀಜದ ಹೊಳಪು. ನಿನ್ನ ಹಾಗೇ ಹೆಬ್ಬೆರಳು ಆಡಿಸಿದೆ. ಬೆರಳಿಗೆ ಕಂದು ಬಣ್ಣ ಹತ್ತಿತು, ಮೊಟ್ಟೆ ಮೇಲೆ ತೆಳು ಗೀರು ಬಿತ್ತು! ನಿನ್ನ ಕಟಕಟೆಯಲ್ಲಿ ಈ ಅಸಲಿ ಮೊಟ್ಟೆಗೂ ಶಿಕ್ಷೆ ಗ್ಯಾರಂಟಿ.

ಯಾಕೆ ಅಂದ್ರೆ ಕಂದು ಬಣ್ಣ ಚಿಪ್ಪಿನ ಮೈಯಲ್ಲಿ ಇಲ್ಲ, ಮೇಲೆ ಬಳಿದ ಸಾರಣೆಯಲ್ಲಿದೆ. ಕೋಳಿಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ಆಗೋಕೆ ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಚಿಪ್ಪು ಕಟ್ಟೋದಕ್ಕೇ ಹೋಗುತ್ತೆ. ಕಂದು ಮೊಟ್ಟೆಯ ಚಿಪ್ಪೂ ಮೊದಲು ಬಿಳಿಯೇ. ಹೊರಗೆ ಬರೋ ಕೊನೇ ಕೆಲವು ಗಂಟೆಯಲ್ಲಿ ಬಣ್ಣ ಹತ್ತುತ್ತೆ, ಗೋಡೆ ಎದ್ದ ಮೇಲೆ ಕೆಮ್ಮಣ್ಣು ಸಾರಿಸಿದ ಹಾಗೆ. ಆ ಬಣ್ಣದ ಹೆಸರು ಪ್ರೋಟೋಪಾರ್ಫಿರಿನ್. ಹೆಸರು ಬಿಡು, ಅದಕ್ಕೆ ಕಬ್ಬಿಣ ಸೇರಿದರೆ ರಕ್ತವನ್ನ ಕೆಂಪು ಮಾಡೋ ವಸ್ತು ಆಗುತ್ತೆ, ಅಂಥ ಹತ್ತಿರದ ನೆಂಟು. ಮಾರಾನ್ ಮೊಟ್ಟೆ ಒಡೆದು ಒಳಗೆ ನೋಡು, ಹಾಲಿನಷ್ಟು ಬಿಳುಪು. ಅರೌಕಾನಾ ಅಂತ ಚಿಲಿ ದೇಶದ ಕೋಳಿಯ ನೀಲಿ ಮೊಟ್ಟೆ ಮಾತ್ರ ಒಳಗೂ ಹೊರಗೂ ನೀಲಿ. ನೀಲಿ ಚಿಪ್ಪಿನ ಮೇಲೆ ಕಂದು ಸಾರಿಸಿದರೆ ಹಸಿರು. ಎರಡನ್ನೂ ಕೂಡಿಸಿದ ಒಂದು ಕೋಳಿ ತಾತನ ಹತ್ತಿರ ಇದೆ, ಅದರ ಮೊಟ್ಟೆ ಥೇಟ್ ಬೇಯಿಸಿದ ಅವರೇಕಾಯಿ.

ಕೋಳಿ ಬಣ್ಣಕ್ಕೂ ಮೊಟ್ಟೆ ಬಣ್ಣಕ್ಕೂ ಸಂಬಂಧ ಇಲ್ಲ ಅಂತ ನಿನಗೆ ಹೇಳಬೇಕಾಗಿಲ್ಲ. ನಿನ್ನ ಮಗ ಕಡಕ್‌ನಾಥ್ ತಂದು, ಮೈಯೂ ಕಪ್ಪು, ಮಾಂಸವೂ ಕಪ್ಪು, ಮೊಟ್ಟೆಯೂ ಕಪ್ಪಿರುತ್ತೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದು, ಆಮೇಲೆ ಅದು ತೆಳು ಕೆನೆ ಬಣ್ಣದ ಮೊಟ್ಟೆ ಇಟ್ಟಾಗ ಎರಡು ದಿನ ಮನೆಯಿಂದ ಆಚೆ ಬರಲಿಲ್ಲವಲ್ಲ. ಕಿವಿ ಕೆಳಗಿನ ತೊಗಲು ಬೆಳ್ಳಗಿದ್ದರೆ ಬಿಳಿ ಮೊಟ್ಟೆ, ಕೆಂಪಗಿದ್ದರೆ ಕಂದು ಅಂತ ಒಂದು ಲೆಕ್ಕ ಇದೆ. ಬಹಳ ಮಟ್ಟಿಗೆ ಸರಿ. ಆದರೆ ಸ್ಪೇನಿನ ಕತಲೋನಿಯಾದಲ್ಲಿ ಪೆನೆದೆಸೆಂಕ ಅಂತ ಒಂದು ಕೋಳಿ ಇದೆ. ಕಿವಿ ಬೆಳ್ಳಗೆ, ಮೊಟ್ಟೆ ಮಾತ್ರ ಎಲ್ಲರಿಗಿಂತ ಗಾಢ ಅನ್ನೋವರ ಸಾಲಲ್ಲಿ ಇಡಬೇಕು, ಅಷ್ಟು ಕಂದು.

ಇನ್ನೊಂದು ಕೋಳಿ ನಮ್ಮೂರಿನದೇ ಅನ್ನಬಹುದು. ಐಸೆಲ್ ನದಿಯ ಈಚೆ ದಡದಲ್ಲಿ ನಾವು. ಸೈಕಲ್ ಸಮೇತ ದೋಣಿ ಹತ್ತಿ ದಾಟಿದರೆ ವೆಲ್ಸುಮ್ ಅನ್ನೋ ಪುಟ್ಟ ಹಳ್ಳಿ. ವೆಲ್ಸುಮರ್ ಕೋಳಿ ಅಲ್ಲಿಯದು. 1921ರಲ್ಲಿ ಹೇಗ್ ನಗರದಲ್ಲಿ ಮೊದಲ ವಿಶ್ವ ಕೋಳಿ ಸಮ್ಮೇಳನ ನಡೆದಾಗ ಅಲ್ಲಿಗೂ ಹೋಗಿ ಬಂದ ಕೋಳಿ. ಹೆಂಚಿನ ಬಣ್ಣದ ಮೊಟ್ಟೆ, ಮೇಲೆ ಕಡು ಕಂದು ಚುಕ್ಕೆ, ಹೋಳಿಗೆ ಮೇಲೆ ಕಾವಲಿಯ ಕಲೆ ಕೂತ ಹಾಗೆ. ಮಾರಾನ್ ಹಾಗೆ ಕಪ್ಪಗೆ ಹೋಗಲ್ಲ. ಆದರೆ ಗಟ್ಟಿ ಕೋಳಿ, ದಿನವಿಡೀ ಕೆದಕಿಕೊಂಡು ತಾನೇ ಮೇಯುತ್ತೆ. ನೋಡಿದರೆ ನಿನಗೆ ನಿನ್ನ ಕೆಂಚಿ ಕೋಳಿ ನೆನಪಾಗುತ್ತೆ.

ಈಗ ನನ್ನನ್ನ ಕಾಡಿದ ಮಾತಿಗೆ ಬರ್ತೀನಿ. ತಾತನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ, ದಿನದ ಮೊಟ್ಟೆ, ಅದರ ನಂಬರ್. ಒಂದೇ ಕೋಳಿಯ ಸಾಲು ಓದಿದೆ. ಬಿಡುವು ಮುಗಿಸಿ ಮೊಟ್ಟೆಗೆ ಬಂದ ಮೊದಲ ವಾರ ಎಂಟು, ಎಂಟು, ಏಳು. ತಿಂಗಳು ಕಳೆದ ಹಾಗೆ ಆರು. ಬೇಸಿಗೆ ಮುಗಿಯೋ ಹೊತ್ತಿಗೆ ಐದು, ನಾಲ್ಕು. ಇಟ್ಟೂ ಇಟ್ಟೂ ಬಣ್ಣ ತೀರಿ ಹೋಗುತ್ತೆ. ಪುಕ್ಕ ಉದುರಿಸಿ, ತಿಂಗಳುಗಟ್ಟಲೆ ಸುಮ್ಮನಿದ್ದು, ಮತ್ತೆ ಶುರು ಮಾಡಿದಾಗ ಮತ್ತೆ ಎಂಟು. ಏನೇ ತಿನ್ನಿಸಿದರೂ ಬಣ್ಣ ಏರಲ್ಲ. ಹೆದರಿದರೆ, ಕಾಯಿಲೆ ಬಿದ್ದರೆ ಮಾತ್ರ ಇನ್ನಷ್ಟು ಬಿಳಿಚಿಕೊಳ್ಳುತ್ತೆ. ಫಾರಂ ಕೋಳಿ ವರ್ಷಕ್ಕೆ 300ರ ಮೇಲೆ ಇಡುತ್ತೆ, ಮಾರಾನ್ ಅದರ ಅರ್ಧ, ಇಲ್ಲಾ ಸ್ವಲ್ಪ ಜಾಸ್ತಿ. ದಿನಾ ಮೊಟ್ಟೆಯೂ ಬೇಕು, ಹುಣಸೆ ಬೀಜದ ಬಣ್ಣವೂ ಬೇಕು ಅಂದರೆ ನಡೆಯಲ್ಲ. ಕಾವು ಮುಗಿಸಿದ ಕೋಳಿಗೆ ನೀನು, "ಬಾಣಂತಿ ಅದು, ಬಿಡ್ರೋ" ಅಂತ ರಾಗಿ ಚೆಲ್ತಿದ್ದದ್ದು ನೆನಪಾಯಿತು. ಬಣ್ಣದ ಆಸೆ ನಿನಗಿರಲಿಲ್ಲ, ಆದರೂ ಬಿಡುವು ಕೊಡ್ತಿದ್ದೆ.

ಈ ಸಲ ಕೋಳಿ ತರಲಿಲ್ಲ, ಕಾವಿಗೆ ಮೊಟ್ಟೆ ತಂದೆ. ಬಣ್ಣ ಯಾವುದೋ ಒಂದು ಗುಣದಿಂದ ಬರೋದಲ್ಲ, ಹತ್ತಾರು ಸೇರಿ ಬರೋದು. ಅದರಲ್ಲಿ ಅರ್ಧ ಹುಂಜನ ಕಡೆಯಿಂದ. ಹುಂಜ ಮೊಟ್ಟೆ ಇಟ್ಟು ತೋರಿಸಲ್ಲ, ಅದಕ್ಕೇ ಅದು ಎಂಥ ಮೊಟ್ಟೆಯಿಂದ ಒಡೆದು ಬಂತು ಅಂತ ಕೇಳಬೇಕು. ತಾತನ ಹುಂಜ ನೋಡೋಕೆ ಅಷ್ಟಕ್ಕಷ್ಟೇ, ಜುಟ್ಟು ಒಂದು ಕಡೆ ವಾಲಿದೆ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಎಂಟು ಅಂತ ಬರೆದಿದೆ. ಸಾಕು.

ತಾತ ಹತ್ತು ಮೊಟ್ಟೆ ಮುಂದಿಟ್ಟು ಆರು ಆರಿಸಿಕೋ ಅಂದರು. ನನ್ನ ಕೈ ಎಲ್ಲಕ್ಕಿಂತ ಕಪ್ಪಗಿದ್ದದ್ದಕ್ಕೇ ಹೋಯಿತು. ಆಗ ನೀನು ಬಾಗಿಲ ಹತ್ತಿರ ಕೂತು, ಮೊಟ್ಟೆ ಒಂದೊಂದನ್ನೇ ಅಂಗೈಯಲ್ಲಿ ತೂಗಿ, "ಇದು ಉದ್ದ, ಬೇಡ. ಇದರ ಚಿಪ್ಪು ಒರಟು, ಬೇಡ. ಇದು ಮೊಟ್ಟೆ ಕುಕ್ಕೋ ಕಳ್ಳಿಯದು, ಬೇಡವೇ ಬೇಡ" ಅಂತಿದ್ದದ್ದು ಕಿವೀಲಿ ಕೇಳಿತು. ಕೈ ಹಿಂದಕ್ಕೆ ತಗೊಂಡೆ. ಅದು ಉದ್ದಕಿತ್ತು. ದುಂಡಗೆ, ನಯವಾಗಿ, ತೂಕವಾಗಿ ಇದ್ದ ಏಳರ ಬಣ್ಣದವು ಆರು ಆರಿಸಿದೆ. ತಾತ ತಲೆ ಆಡಿಸಿದರು.

ಒಂದು ಕಷ್ಟ ಇದೆ. ನೀನು ಬಿಸಿಲಿಗೆ ಹಿಡಿದು ಒಳಗೆ ಮರಿ ಕಟ್ಟಿದೆಯಾ ನೋಡ್ತಿದ್ದೆಯಲ್ಲ, ಈ ಮೊಟ್ಟೆಯಲ್ಲಿ ಟಾರ್ಚ್ ಬಿಟ್ಟರೂ ಏನೂ ಸರಿಯಾಗಿ ಕಾಣಲ್ಲ. ಕೊನೇ ದಿನಗಳಲ್ಲಿ ಕಿವಿಗಿಟ್ಟು ಕೇಳೋದೊಂದೇ ದಾರಿ. ಅದನ್ನ ಎಷ್ಟನೇ ದಿನದಿಂದ ಮಾಡಬೇಕು, ಯಾರ ಕೈಲಾದರೂ ಬರೆಸಿ ಕಳಿಸು.

ತಾತನ ಗಿಡ್ಡ ಕೋಳಿಯೊಂದು ಕಾವಿಗೆ ಬಂದಿತ್ತು, ಎರವಲು ತಂದು ನಿನ್ನೆ ಸಂಜೆ ಕೂರಿಸಿದೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ನೀನು ಮಂಕರಿಯಲ್ಲಿ ಇದ್ದಿಲು, ಕಬ್ಬಿಣದ ಚೂರು ಇಡ್ತಿದ್ದೆಯಲ್ಲ? ಇದ್ದಿಲು ಸಿಕ್ಕಿತು. ಕಬ್ಬಿಣಕ್ಕೆ ಇವರ ಹಳೇ ಸೈಕಲ್ಲಿನ ಬೋಲ್ಟು ಬಿಚ್ಚಿ ಇಟ್ಟೆ. ಇಂಜಿನಿಯರ್ ಮನೆಯಲ್ಲಿ ಇದೇನು ಅಂತ ನಕ್ಕರು. ರಾತ್ರಿ ಮಳೆ ಬಂತು, ಎರಡು ಸಲ ಗುಡುಗಿತು. ಬೆಳಿಗ್ಗೆ ನಾನು ಏಳೋ ಮೊದಲೇ ಟಾರ್ಚ್ ಹಿಡಿದು ಹೋಗಿ ಬೋಲ್ಟು ಇದೆಯಾ ಅಂತ ನೋಡಿ ಬಂದಿದ್ದಾರೆ.

ಇಂತಿ ನಿನ್ನ ಪ್ರೀತಿಯ ಮಗಳು